ಬೀಗರು ಸಹಿ ಹಾಕಿದ ಪ್ರಿನಪ್

ವಕೀಲಿ ವೃತ್ತಿಗೆ ಕಾಲಿಡುತ್ತಿರುವ ನಮ್ಮ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ, “ಆಂಟಿ, ನೀವು ಕಚೇರಿಯಲ್ಲಿ ಪಾರ್ಟ್‌ನರ್ ಆಗಿದ್ದು ಯಾವಾಗ?” ಎಂದು ಕೇಳುತ್ತಾರೆ. ಆ ಕಥೆಯಲ್ಲಿ ಏನೇನೂ ಸ್ವಾರಸ್ಯವಿಲ್ಲ. ಒಂದು ದಿನ ಬಾಗಿಲ ಮೇಲೆ ನನ್ನ ಹೆಸರು ಬರೆಸಿದರು. ಸಂಬಳ ಹೆಚ್ಚಾಗುವ ಮೊದಲು ತಲೆನೋವು ಹೆಚ್ಚಾಯಿತು. ಅದನ್ನು ಬಿಟ್ಟು, ಕುದುರೆಯ ವಿಷಯ ಕೇಳಿ, ಹೇಳುತ್ತೇನೆ.

ಬೆಂಗಳೂರಿನಲ್ಲಿ ಒಮ್ಮೆ ಕಾನೂನು ಓದಿ, ಅಮೆರಿಕಕ್ಕೆ ಬಂದು ಅದನ್ನೇ ಇನ್ನೊಮ್ಮೆ ಓದಿ, ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಕೌಟುಂಬಿಕ ವ್ಯಾಜ್ಯಗಳ ವಕೀಲೆಯಾಗಿ ಕೆಲಸಕ್ಕೆ ಸೇರಿದವಳು ನಾನು. ನಮ್ಮ ಕಚೇರಿಗೆ ಬರುವವರಲ್ಲಿ ಮುಕ್ಕಾಲು ಪಾಲು ಒಬ್ಬರ ಮುಖ ಒಬ್ಬರು ನೋಡದೆ ಬರುತ್ತಿದ್ದರು. ಕೈ ಕೈ ಹಿಡಿದುಕೊಂಡು ಬರುತ್ತಿದ್ದವರು ಪ್ರಿನಪ್‌ನವರು ಮಾತ್ರ. ಪ್ರಿನಪ್ ಎಂದರೆ ಮದುವೆ ಮುರಿದರೆ ಯಾರಿಗೆ ಏನು ಎಂದು ಮದುವೆಗೆ ಮೊದಲೇ ಬರೆದಿಡುವ ಕರಾರು. ತೊಂಬತ್ತರ ದಶಕದಲ್ಲಿ ನಮ್ಮ ಜನಕ್ಕೆ ಅದರ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಯಾರ ಪಾಲಿಗೆ ಎಂಬ ಪಂಚಾಯಿತಿ.

ನನ್ನ ಮೇಲಧಿಕಾರಿ ವಿಟ್ಲೋ ಸಾಹೇಬರು ಸೌತ್ ಕೆರೊಲಿನಾದವರು, ಮಾತನ್ನು ಎಳೆದೆಳೆದು ಆಡುವ ಸೀಮೆ. ಅವರು ಒಂದು ವಾಕ್ಯ ಶುರುಮಾಡಿ ಮುಗಿಸುವಷ್ಟರಲ್ಲಿ ನಾನು ಹೋಗಿ ಕಾಫಿ ಬೆರೆಸಿಕೊಂಡು ಬರಬಹುದಿತ್ತು. ಮೇಜಿನ ಮೇಲೆ ಯಾವಾಗಲೂ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿಯ ಬಟ್ಟಲು. ಮೊದಲ ದಿನ ಅದನ್ನು ನೋಡಿಯೇ, ಈ ಮನುಷ್ಯನ ಕೈಕೆಳಗೆ ಬದುಕಬಹುದು ಎಂದು ನನಗೆ ಧೈರ್ಯ ಬಂತು. ಅವರು ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಹಳದಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಕಾರ್ಯದರ್ಶಿ ಟೈಪು ಮಾಡುತ್ತಿದ್ದಳು. ಪ್ರತಿ ಕರಾರನ್ನೂ ಮೊದಲ ಅಕ್ಷರದಿಂದ ಬರೆಯಬೇಕು ಎನ್ನುವುದು ಅವರ ಹಟ. ನಾನು ಹೊಸ ಕಾಲದವಳು. ಕಂಪ್ಯೂಟರಿನಲ್ಲಿ ಹಳೆಯ ಕರಾರನ್ನು ತೆರೆದು, ಹಳೆಯ ಹೆಸರು ತೆಗೆದು ಹೊಸ ಹೆಸರು ತುಂಬಿದರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ಅವರಿಗೆ ಪಾಠ ಹೇಳುತ್ತಿದ್ದೆ. “ಆಗಲಿ ಮ್ಯಾಮ್,” ಎಂದು ಕಡಲೆಕಾಯಿ ಸುಲಿಯುತ್ತಿದ್ದರು.

ಅಂಥ ದಿನಗಳಲ್ಲಿ ರಂಜನಿ ಬಂದಳು. ಮೂವತ್ತು ದಾಟಿದ ಹುಡುಗಿ, ಆಶ್‌ಬರ್ನ್ ಕಡೆ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆಗಷ್ಟೇ ಅಲ್ಲಿ ಹೊಲಗಳ ನಡುವೆ ಟೌನ್‌ಹೌಸ್ ಎನ್ನುವ ಸಾಲುಮನೆಗಳು ಏಳುತ್ತಿದ್ದವು. ಅದರಲ್ಲೊಂದನ್ನು ತನ್ನ ದುಡಿಮೆಯಿಂದಲೇ ಕೊಂಡಿದ್ದಳು. ಹಿಂದೆ ಒಂದು ಮದುವೆಯಾಗಿ ಮುರಿದಿತ್ತು. ಈಗ ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ ಕೆಲಸ ಮಾಡುವ, ಮೈಸೂರಿನ ಪ್ರಕಾಶ ಎಂಬವನ ಜೊತೆ ಮದುವೆ ನಿಶ್ಚಯವಾಗುವುದರಲ್ಲಿತ್ತು.

“ಪ್ರಕಾಶ್ ಒಳ್ಳೆಯವನು ಆಂಟಿ,” ಎಂದಳು.

“ಸಂತೋಷ.”

“ಹಿಂದಿನವನೂ ಮದುವೆಗೆ ಮುಂಚೆ ಒಳ್ಳೆಯವನೇ ಆಗಿದ್ದ.”

ಆಮೇಲೆ ಸ್ವಲ್ಪ ಹೊತ್ತು ಬ್ಯಾಗಿನ ಜಿಪ್ ಎಳೆಯುತ್ತ ಕೂತಳು. “ಆ ಮನೆ ಅವನ ಹೆಸರಲ್ಲಿತ್ತು. ಒಂದು ದಿನ ಹೊರಗೆ ಹೋಗು ಅಂದ. ಎರಡು ಸೂಟ್‌ಕೇಸ್ ಹಿಡ್ಕೊಂಡು ಹಿಮದಲ್ಲಿ ನಿಂತಿದ್ದೆ. ಈ ಮನೆ ಬಿಟ್ಟು ಹಂಗೆ ಮಾತ್ರ ಹೋಗಲ್ಲ. ಪ್ರಿನಪ್ ಬೇಕು ಅಂತ ಕೇಳಿದ್ರೆ ಪ್ರಕಾಶಂಗೆ ಬೇಜಾರಾಗುತ್ತೆ. ಕೇಳ್ದೇ ಇದ್ರೆ ನಂಗೆ ನಿದ್ದೆ ಬರಲ್ಲ. ಏನ್ ಮಾಡ್ಲಿ?”

ಅವನನ್ನೇ ಕೇಳು ಎಂದೆ. ಅಲ್ಲಿಂದಲೇ ಫೋನು ಮಾಡಿದಳು. ಸೂಟ್‌ಕೇಸಿನ ವಿಷಯ ಎತ್ತದೆ, ಇಲ್ಲಿ ಎಲ್ಲರೂ ಮಾಡಿಸುತ್ತಾರೆ ಎಂದಷ್ಟೇ ತೇಲಿಸಿದಳು. ಅವನು ಎರಡನೇ ಮಾತಾಡದೆ ಒಪ್ಪಿದ. ಕರಡು ಕಳಿಸಿದರೆ ತನ್ನದೇ ಒಬ್ಬ ವಕೀಲನಿಗೆ ತೋರಿಸುತ್ತೇನೆ ಎಂದ. ಎರಡೂ ಕಡೆಗೆ ಒಬ್ಬನೇ ವಕೀಲ ಇರಬಾರದು, ಇದನ್ನು ಹೊಸಬರು ನೆನಪಿಡಿ. “ಫ್ಯಾಕ್ಸ್ ಇದೆಯಾ?” ಎಂದು ನಾನು ಫೋನು ತೆಗೆದುಕೊಂಡು ಕೇಳಿದೆ. “ಇದೆ ಮೇಡಂ, ನಂಬರ್ ಬರ್ಕೊಳ್ಳಿ,” ಎಂದ.

ಆ ವಾರ ನಾನು ಮಿಡಲ್‌ಬರ್ಗ್ ಕಡೆಯ ಶ್ರೀಮಂತ ಜೋಡಿಯೊಂದರ ಕರಾರು ಮುಗಿಸಿದ್ದೆ. ಅದನ್ನೇ ತೆರೆದು, ಹೆಸರು ಬದಲಿಸಿ, ಟೌನ್‌ಹೌಸ್ ಸೇರಿಸಿ, ಸರಸರನೆ ಫ್ಯಾಕ್ಸಿಗೆ ತೂರಿಸಿದೆ. ಆ ಶ್ರೀಮಂತರು ಕುದುರೆ ಸಾಕುವವರು ಎಂಬುದು ನನ್ನ ತಲೆಯಿಂದ ಹಾರಿಹೋಗಿತ್ತು. ಹೀಗಾಗಿ ಒಂಬತ್ತನೆಯ ಷರತ್ತು ಹೀಗೆ ಉಳಿದುಕೊಂಡಿತು: ವಧುವಿನ ಎರಡು ಕುದುರೆಗಳು ವಿಚ್ಛೇದನವಾದರೂ ವಧುವಿನ ಬಳಿಯೇ ಉಳಿಯತಕ್ಕದ್ದು, ವರನಿಗೆ ಭಾನುವಾರಗಳಂದು ಸವಾರಿ ಮಾಡುವ ಹಕ್ಕು ಇರತಕ್ಕದ್ದು.

ಇನ್ನು ಆ ಫ್ಯಾಕ್ಸ್ ಪ್ರಕಾಶನದಾಗಿರಲಿಲ್ಲ. ಅದು ಅವನ ಮನೆ ಹತ್ತಿರದ ಇಂಡಿಯನ್ ಅಂಗಡಿಯದು. ಆ ಕಾಲದಲ್ಲಿ ನಮ್ಮ ಬ್ರಹ್ಮಚಾರಿ ಹುಡುಗರ ಸಕಲ ವ್ಯವಹಾರವೂ ನಡೆಯುತ್ತಿದ್ದದ್ದು ಅಂಥ ಅಂಗಡಿಗಳಿಂದಲೇ. ಬೇಳೆ, ಬಾಡಿಗೆ ಕ್ಯಾಸೆಟ್ಟು, ಊರಿಗೆ ಫೋನು ಮಾಡುವ ಕಾರ್ಡು, ಜೊತೆಗೆ ಫ್ಯಾಕ್ಸು. ಯಂತ್ರ ಇದ್ದದ್ದು ಮೆಂತ್ಯ ಸೊಪ್ಪಿನ ಬುಟ್ಟಿಯ ಪಕ್ಕ. ಸೊಪ್ಪು ಆರಿಸುತ್ತಿದ್ದ ವಿಮಲಾ ಆಂಟಿ ಎಂಬ ಕನ್ನಡದ ಹೆಂಗಸು ಕೆಳಗೆ ಬಿದ್ದ ಹಾಳೆಗಳನ್ನು ಎತ್ತಿಕೊಟ್ಟರಂತೆ. ಎತ್ತಿಕೊಡುವ ಮೊದಲು ಪೂರ್ತಿ ಓದಿದರಂತೆ. ವಿಮಲಾ ಆಂಟಿಯ ನಾದಿನಿ ಅಟ್ಲಾಂಟಾದಲ್ಲಿ. ರಂಜನಿಯ ತಂದೆ ರಾಮಸ್ವಾಮಯ್ಯನವರೂ ಮಗನ ಜೊತೆ ಅಟ್ಲಾಂಟಾದಲ್ಲಿ. ಇಷ್ಟು ಸಾಕಲ್ಲ.

ಮರುದಿನ ಬೆಳಿಗ್ಗೆ ನಾನು ಕೋಟು ಬಿಚ್ಚುವ ಮುಂಚೆಯೇ ಫೋನು.

“ಏನಮ್ಮಾ, ನಾನು ರಂಜನಿ ತಂದೆ ಮಾತಾಡ್ತಿರೋದು. ನನ್ನ ಮಗಳು ಕುದುರೆ ಯಾವಾಗ ತಗೊಂಡ್ಲು?”

ಒಂಬತ್ತನೆಯ ಷರತ್ತು ನನಗೆ ನೆನಪಾದದ್ದು ಆಗ. ಆದರೆ ಕಕ್ಷಿದಾರಳು ಮಗಳು, ಅಪ್ಪ ಅಲ್ಲ. “ಅಂಕಲ್, ನಾನು ಏನೂ ಹೇಳೋ ಹಾಗಿಲ್ಲ,” ಎಂದೆ.

“ಇಲ್ಲ ಅಂತಾನೂ ಹೇಳೋ ಹಾಗಿಲ್ವಾ?”

“ಇಲ್ಲ ಅಂಕಲ್.”

“ಹಾಗಾದ್ರೆ ಇದೆ,” ಎಂದು ಫೋನಿಟ್ಟರು.

ಮಧ್ಯಾಹ್ನ ರಂಜನಿ ಫೋನು ಮಾಡಿದಳು. “ಆಂಟಿ, ಎರಡು ಕುದುರೆ ಸಾಕೋ ಬದಲು ಎಫ್‌ಡಿ ಇಡಬೇಕಿತ್ತಂತೆ, ಅಪ್ಪ ಬೈತಾ ಇದಾರೆ. ಏನಿದು ಕುದುರೆ?” ನಾನು ತಪ್ಪೊಪ್ಪಿಕೊಂಡು, ತಿದ್ದಿ ಕಳಿಸುತ್ತೇನೆಂದೆ. ವಿಟ್ಲೋ ಸಾಹೇಬರು ವಿಷಯ ಕೇಳಿ ಕಡಲೆಕಾಯಿ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಬೈದಿದ್ದರೆ ವಾಸಿಯಿತ್ತು.

ತಿದ್ದುವುದಕ್ಕೆ ಆಗಲೇ ಹೊತ್ತು ಮೀರಿತ್ತು. ಕುದುರೆ ಮೈಸೂರು ಮುಟ್ಟಿತ್ತು. ಪ್ರಕಾಶನ ತಂದೆ ಶ್ರೀಕಂಠಯ್ಯನವರು ದಸರಾ ಮೆರವಣಿಗೆಯ ಕುದುರೆಗಳನ್ನು ನೋಡುತ್ತಲೇ ಬೆಳೆದವರು. ಸೊಸೆಗೆ ಎರಡು ಕುದುರೆ ಇವೆ ಎಂದ ಮೇಲೆ, ಎರಡನೇ ಸಂಬಂಧ ಎಂದು ಅವರ ಮನೆಯಲ್ಲಿದ್ದ ಅಲ್ಪಸ್ವಲ್ಪ ಗೊಣಗಾಟವೂ ನಿಂತುಹೋಯಿತಂತೆ. ಅದಿರಲಿ, ಪ್ರಿನಪ್ ಎಂಬುದನ್ನು ಹಿರಿಯರು ವಿರೋಧಿಸುತ್ತಾರೆ ಎಂದು ನಾವೆಲ್ಲ ಹೆದರಿದ್ದೆವು. ಅವರು ವಿರೋಧಿಸಲಿಲ್ಲ. ಅದಕ್ಕಿಂತ ಘೋರವಾದದ್ದನ್ನು ಮಾಡಿದರು. ಅದನ್ನು ತಾವೇ ವಹಿಸಿಕೊಂಡರು.

ಮದುವೆಗೆಂದು ಶ್ರೀಕಂಠಯ್ಯ ದಂಪತಿ ಬಂದಿಳಿದ ವಾರವೇ ರಂಜನಿಯ ಟೌನ್‌ಹೌಸಿನ ಕಾರ್ಪೆಟ್ ಮೇಲೆ ಜಮಖಾನ ಹಾಸಿ ಮಾತುಕತೆ ನಡೆಯಿತು. ಆ ಕಡೆ ಗಂಡಿನವರು, ಈ ಕಡೆ ಹೆಣ್ಣಿನವರು, ನಡುವೆ ಎಲೆ ಅಡಿಕೆ ತಟ್ಟೆ, ತಟ್ಟೆಯಲ್ಲಿ ನನ್ನ ಅದೇ ಹಳೆಯ ಕರಡು. ವಧೂವರರು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರು. ಅವರ ಅಭಿಪ್ರಾಯ ಕೇಳಿದ್ದು ಸಕ್ಕರೆಯ ಬಗ್ಗೆ ಮಾತ್ರ.

ರಾಮಸ್ವಾಮಯ್ಯನವರು ಊರಿನಲ್ಲಿ ಸಬ್‌ರಿಜಿಸ್ಟ್ರಾರ್ ಆಗಿ ನಿವೃತ್ತರಾದವರು. ಕಾಗದಪತ್ರ ಎಂದರೆ ಅವರಿಗೆ ಹಬ್ಬ. ಛಾಪಾ ಕಾಗದ ಇಲ್ಲದ ಕರಾರು ಎಂಥದ್ದು ಎಂದು ಮೊದಲು ಸಿಟ್ಟಾದರು. ಆಮೇಲೆ ಮನೆಗೆ ಚಕ್ಕುಬಂದಿ ಬರೆದಿಲ್ಲ ಎಂದು ತಾವೇ ಬರೆದರು: ಪೂರ್ವಕ್ಕೆ ಪಾರ್ಕಿಂಗ್ ಜಾಗ, ಪಶ್ಚಿಮಕ್ಕೆ ನಾಯಿ ಸಾಕಿರುವ ಮುದುಕಿಯ ಮನೆ, ಉತ್ತರಕ್ಕೆ ಸಾರ್ವಜನಿಕ ಹುಲ್ಲು, ದಕ್ಷಿಣಕ್ಕೆ ಕಸದ ತೊಟ್ಟಿ. ಗಂಡಿನ ತಾಯಿ ತಾವು ಯಾವಾಗ ಬಂದರೂ ಇಲ್ಲಿನ ಡಲ್ಲಸ್ ವಿಮಾನ ನಿಲ್ದಾಣಕ್ಕೆ ಮಗ ಸೊಸೆ ಇಬ್ಬರೂ ಬರತಕ್ಕದ್ದು ಎಂದು ಸೇರಿಸಿದರು. ಹೆಣ್ಣಿನ ತಾಯಿ ಗೌರಿ ಹಬ್ಬದ ಬಾಗಿನ ಸೇರಿಸಿದರು. ಪ್ರಕಾಶ ಮೂರು ಬಗೆಯ ಸಾರು ಕಲಿಯತಕ್ಕದ್ದು ಎಂದು ಯಾರು ಸೇರಿಸಿದರೋ ಕೊನೆಗೂ ತಿಳಿಯಲಿಲ್ಲ.

ಆಗ ರಂಜನಿ ಅಡುಗೆಮನೆಯಿಂದ ಬಂದು, “ಕುದುರೆ ಇಲ್ಲ, ಅದು ಮಿಸ್ಟೇಕ್,” ಎಂದಳಂತೆ.

ಶ್ರೀಕಂಠಯ್ಯನವರ ಮುಖ ಸಪ್ಪಗಾಯಿತು. “ಇಲ್ಲ ಅಂದ್ರೆ ಹೇಗಮ್ಮಾ? ಮೈಸೂರಲ್ಲಿ ಎಲ್ರಿಗೂ ಹೇಳ್ಬಿಟ್ಟಿದೀನಿ.”

ಇದು ಬೀಗರ ಮರ್ಯಾದೆಯ ಪ್ರಶ್ನೆಯಾಯಿತು. ರಾಮಸ್ವಾಮಯ್ಯನವರು ಎರಡು ಆಗುವುದಿಲ್ಲ ಎಂದರು. ಶ್ರೀಕಂಠಯ್ಯನವರು ಪೂರ್ತಿ ತೆಗೆಯಬೇಡಿ ಎಂದರು. ಸಾಕಷ್ಟು ಚೌಕಾಸಿಯ ಬಳಿಕ ಒಂದು ಕುದುರೆಗೆ ರಾಜಿಯಾಯಿತು.

ಯುಗಾದಿ ಕಾರ್ಯಕ್ರಮದಲ್ಲಿ ಕನ್ನಡ ಸಂಘದ ಹೆಂಗಸರೆಲ್ಲ ನನ್ನ ಸುತ್ತ ನಿಂತರು. “ಏನ್ರೀ ಶಾರದಾ, ಆ ಕುದುರೆ ಹುಡುಗಿ ಕೇಸು ಎಲ್ಲಿಗೆ ಬಂತು?” ನಾನು ಒಂದಾದ ಮೇಲೊಂದು ಹೋಳಿಗೆ ಬಾಯಿಗಿಟ್ಟುಕೊಂಡೆ. ಕಕ್ಷಿದಾರರ ಗುಟ್ಟು ಕಾಪಾಡುವ ಬಗ್ಗೆ ನಿಮಗೆ ಲಾ ಸ್ಕೂಲಿನಲ್ಲಿ ಇಡೀ ಒಂದು ಕೋರ್ಸ್ ಕಲಿಸುತ್ತಾರೆ. ತುಂಬಿದ ಬಾಯಿ ಅದಕ್ಕಿಂತ ಒಳ್ಳೆಯ ಉಪಾಯ.

ಅದಾದ ಕೆಲವು ದಿನಕ್ಕೆ, ಮದುವೆಗೆ ಇನ್ನೇನು ಹತ್ತಿರವಿರುವಾಗ, ಬೀಗರಿಬ್ಬರೂ ಕಚೇರಿಗೆ ಬಂದರು. ಪಂಚೆ, ಸ್ವೆಟರು, ಕಾಲಿಗೆ ತಂತಮ್ಮ ಮಗನ ಸ್ನೀಕರ್ಸು. ಕೈಯಲ್ಲಿ ಬೆಳ್ಳಿ ತಟ್ಟೆ. ಅದರಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಕರಾರು. ಹಿಂದಿನ ದಿನ ದೇವಸ್ಥಾನದಲ್ಲಿ ನಿಶ್ಚಿತಾರ್ಥ ಮುಗಿಸಿ, ಲಗ್ನಪತ್ರಿಕೆಯ ಜೊತೆಗೆ ಇದನ್ನೂ ಪುರೋಹಿತರಿಂದ ಓದಿಸಿದ್ದರು. ಅವರು ವಕೀಲಿ ಇಂಗ್ಲಿಷನ್ನು ಮಂತ್ರದ ಧಾಟಿಯಲ್ಲೇ ಎಳೆದೆಳೆದು ಓದಿ, ವಿಚ್ಛೇದನದ ಷರತ್ತು ಬಂದಾಗಲೆಲ್ಲ ಅಕ್ಷತೆ ಹಾಕಿಸಿದರಂತೆ. ನಮ್ಮ ಕಾರ್ಯದರ್ಶಿ ಅರಿಸಿನವನ್ನು ಹಾಟ್‌ಡಾಗ್‌ನಿಂದ ಸುರಿದ ಹಳದಿ ಸಾಸಿವೆ ಸಾಸ್ ಎಂದುಕೊಂಡು ಟಿಶ್ಯೂ ತೆಗೆದುಕೊಂಡು ಓಡಿಬಂದಳು. ತಡೆಯುವಷ್ಟರಲ್ಲಿ ಸಾಕಾಯಿತು.

ನಾನು ಕೊನೆಯ ಪುಟ ತಿರುವಿದೆ. ಎರಡು ಸಹಿ ಇದ್ದವು. ಒಂದು ರಾಮಸ್ವಾಮಯ್ಯನವರದು, ಇನ್ನೊಂದು ಶ್ರೀಕಂಠಯ್ಯನವರದು. ಸಾಕ್ಷಿಯಾಗಿ ಪುರೋಹಿತರು.

“ಅಂಕಲ್, ಹುಡುಗ ಹುಡುಗಿ ಸಹಿ ಎಲ್ಲಿ?”

“ಅವರ್ಯಾಕೆ ಹಾಕ್ಬೇಕು?” ರಾಮಸ್ವಾಮಯ್ಯನವರಿಗೆ ನಿಜವಾಗಿಯೂ ಆಶ್ಚರ್ಯ. “ಮದುವೆ ಅವರದಲ್ವಾ?”

“ನೀವು ಸಬ್‌ರಿಜಿಸ್ಟ್ರಾರ್ ಆಗಿದ್ದೋರು…”

“ಕ್ರಯಪತ್ರ ಆದ್ರೆ ಪಾರ್ಟಿಗಳು ಸಹಿ ಹಾಕ್ತಾರಮ್ಮ. ಲಗ್ನದ ಕಾಗದಕ್ಕೆ ಹಿರಿಯರು ಹಾಕೋದು. ನನ್ನ ಮದುವೇಲಿ ನಾನು ಹಾಕಿದ್ನಾ?”

ವಿಟ್ಲೋ ಸಾಹೇಬರು ಕನ್ನಡಕ ಏರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಕುದುರೆಯ ಹತ್ತಿರ ಸ್ವಲ್ಪ ನಿಂತು ಮುಂದೆ ಹೋದರು. ಮುಗಿದ ಮೇಲೆ ಇಬ್ಬರು ಹಿರಿಯರನ್ನೂ ಬಹಳ ಗೌರವದಿಂದ ನೋಡಿ, ತಮ್ಮ ನಿಧಾನದ ಇಂಗ್ಲಿಷಿನಲ್ಲಿ ನನಗೆ ಹೇಳಿದರು: “ಮ್ಯಾಮ್, ನನಗೆ ಅರ್ಥವಾದ ಮಟ್ಟಿಗೆ, ಈ ಇಬ್ಬರು ಮಹನೀಯರು ಪರಸ್ಪರ ಮದುವೆಯಾಗಲು ಒಪ್ಪಿದ್ದಾರೆ. ಕರಾರು ಚೆನ್ನಾಗಿಯೇ ಇದೆ. ಇಬ್ಬರಿಗೂ ಈಗಾಗಲೇ ಹೆಂಡತಿಯರಿದ್ದಾರೆ ಎಂಬುದೊಂದೇ ತೊಡಕು.”

ಇದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಬೀಗರು ಒಬ್ಬರನ್ನೊಬ್ಬರು ಒಂದು ಗಳಿಗೆ ನೋಡಿಕೊಂಡರು. ಆಮೇಲೆ ಶ್ರೀಕಂಠಯ್ಯನವರು ಗಂಟಲು ಸರಿಮಾಡಿಕೊಂಡು, “ಹಾಗಾದ್ರೆ ಕುದುರೆ ಯಾರಿಗೆ ಬರುತ್ತೆ?” ಎಂದರು.

ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಓಡಿ, ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಗಲೇ ಕಾರ್ಯದರ್ಶಿ ಫೋನು ತಂದು ಕೈಗಿಟ್ಟಳು. ರಂಜನಿ. ಅವಳು ಅಳುತ್ತಿದ್ದಳು.

“ಆಂಟಿ, ಎಲ್ಲಾ ಕ್ಯಾನ್ಸಲ್ ಮಾಡ್ಬಿಡ್ತೀನಿ. ಪ್ರಿನಪ್ಪೂ ಬೇಡ, ಮದುವೇನೂ ಬೇಡ. ನಾನು ಕೇಳಿದ್ದು ಒಂದೇ ಒಂದು ವಿಷಯ. ಅದು ಆ ಕಾಗದದಲ್ಲಿ ಎಲ್ಲಿದೆ ಅಂತ ನಂಗೇ ಕಾಣಿಸ್ತಾ ಇಲ್ಲ.”

ನನ್ನ ನಗು ಅಲ್ಲಿಗೆ ನಿಂತಿತು. ನನಗೆ ಬಹಳ ನಾಚಿಕೆಯಾಯಿತು. ಕುದುರೆ, ಚಕ್ಕುಬಂದಿ, ಸಾರು ಎಲ್ಲವನ್ನೂ ಬರೆದು ತಿದ್ದುವ ಗದ್ದಲದಲ್ಲಿ ಆ ಹುಡುಗಿಯ ಮನೆ ಎಲ್ಲೋ ಹದಿನಾಲ್ಕನೆಯ ಷರತ್ತಿನ ಕೆಳಗೆ ಹೂತುಹೋಗಿತ್ತು. ನಾನು ಒಳಗೆ ಹೋಗಿ ಸಾಹೇಬರ ಕಿವಿಯಲ್ಲಿ ವಿಷಯ ಹೇಳಿದೆ. ವಿಟ್ಲೋ ಸಾಹೇಬರು ಕಾಗದವನ್ನು ತಟ್ಟೆಯಲ್ಲಿ ಜೋಪಾನವಾಗಿ ಇಟ್ಟು, “ಮದುವೆಯಾಗುವ ಮಕ್ಕಳನ್ನು ಯಾರಾದರೂ ಮಾತಾಡಿಸಿದ್ದೀರಾ?” ಎಂದರು. ಯಾರೂ ಮಾತಾಡಿಸಿರಲಿಲ್ಲ.

ಆ ಶನಿವಾರ ಪ್ರಕಾಶ ನಾರ್ತ್ ಕೆರೊಲಿನಾದಿಂದ ಡ್ರೈವ್ ಮಾಡಿಕೊಂಡು ಬಂದ. ನಮ್ಮ ಕಚೇರಿಯ ಪಕ್ಕದ ಬೀದಿಯ ವಕೀಲರೊಬ್ಬರನ್ನು ತನ್ನ ಪರವಾಗಿ ಗೊತ್ತುಮಾಡಿಕೊಂಡಿದ್ದ. ಬೀಗರಿಬ್ಬರೂ ಹಿಂದೆಯೇ ಬಂದರು. ಅವರನ್ನು ಒಳಗೆ ಬಿಡದಿರುವ ಹೊಣೆ ವಿಟ್ಲೋ ಸಾಹೇಬರದು. ಹೊರಗಿನ ಕೋಣೆಯಲ್ಲಿ ಕಡಲೆಕಾಯಿ ಕೊಟ್ಟು ಕೂರಿಸಿ, ತಮ್ಮ ತಾತನ ಹೊಲದಲ್ಲಿದ್ದ ಕುದುರೆಗಳ ಕಥೆ ಶುರುಮಾಡಿದರು. ಅವರ ವೇಗಕ್ಕೆ ಒಂದು ಕುದುರೆ ಲಾಯದಿಂದ ಹೊರಗೆ ಬರುವಷ್ಟರಲ್ಲಿ ನಮ್ಮ ಕೆಲಸ ಮುಗಿಯಬೇಕಿತ್ತು.

ಒಳಗೆ ನಾವು ನಾಲ್ವರು. ಅರಿಸಿನದ ಕಾಗದವನ್ನು ಪಕ್ಕಕ್ಕಿಟ್ಟು ಹಳದಿ ಹಾಳೆಯೊಂದನ್ನು ಎಳೆದುಕೊಂಡು, “ರಂಜನಿ, ನಿನಗೆ ಏನು ಬೇಕು, ಅವನಿಗೇ ಹೇಳು,” ಎಂದೆ.

ಅವಳು ಅವನನ್ನು ನೋಡದೆ ಮೇಜನ್ನು ನೋಡಿಕೊಂಡು ಹೇಳಿದಳು. ಹಿಮ, ಸೂಟ್‌ಕೇಸು, ಒಳಗಿನಿಂದ ಬಾಗಿಲು ಹಾಕಿಕೊಂಡ ಸದ್ದು.

ಪ್ರಕಾಶ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ. “ಇದು ನೀನು ನಂಗೆ ಹೇಳೇ ಇಲ್ವಲ್ಲ.”

“ನಾಚಿಕೆ ಆಯ್ತು.”

“ನಾಚಿಕೆ ಆಗ್ಬೇಕಾಗಿರೋದು ಅವನಿಗೆ.” ಆಮೇಲೆ ನನ್ನ ಕಡೆ ತಿರುಗಿದ. “ಮೇಡಂ, ಮನೆ ಅವಳದೇ ಅಂತ ಬರೀರಿ. ಇನ್ನೊಂದು ಲೈನ್ ಆ್ಯಡ್ ಮಾಡಿ. ಜಗಳ ಆದ್ರೆ ಹೊರಗೆ ಹೋಗೋನು ನಾನು. ತಪ್ಪು ಯಾರದೇ ಆಗ್ಲಿ, ಅವಳು ಹೋಗೋ ಹಾಗಿಲ್ಲ.”

ಅವನ ವಕೀಲರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೊಡನೆ ಅವರು ಗಾಬರಿಯಿಂದ ಅವನ ತೋಳು ಹಿಡಿದರು. ಪ್ರಕಾಶ ಒಂದು ಕ್ಷಣ ಯೋಚಿಸಿ, ತಿದ್ದುಪಡಿ ಇದೆ ಎಂಬಂತೆ ಬೆರಳೆತ್ತಿದ.

“ಊಟ ಆದ್ಮೇಲೆ ಅಂತ ಹಾಕಿ ಮೇಡಂ. ಹಸ್ಕೊಂಡು ಹೋಗೋಕೆ ನನ್ ಕೈಲಿ ಆಗಲ್ಲ.”

ನನ್ನ ಕಚೇರಿಯಲ್ಲಿ ರಂಜನಿ ನಕ್ಕಿದ್ದು ಅದೇ ಮೊದಲು. ನಗುತ್ತ ನಗುತ್ತ ಅಳು ಬಂತು, ಅಳುತ್ತಲೇ ಪೆನ್ನು ಕೇಳಿದಳು. ನಾನು ಆ ಕರಾರನ್ನು ಮೊದಲ ಅಕ್ಷರದಿಂದ ಕೈಯಲ್ಲೇ ಬರೆದು ಟೈಪಿಗೆ ಕೊಟ್ಟೆ. ಒಂದೇ ಪುಟ, ಅದರ ಬೆನ್ನಿಗೆ ಇಬ್ಬರ ಆಸ್ತಿಯ ವಿವರದ ಇನ್ನೊಂದು ಹಾಳೆ. ಊಟದ ಸಾಲನ್ನು ಓದಿ ವಿಟ್ಲೋ ಸಾಹೇಬರು, “ಕೋರ್ಟಿನಲ್ಲಿ ಇದು ಒಂದು ನಿಮಿಷವೂ ನಿಲ್ಲುವುದಿಲ್ಲ. ತೆಗೆಯಬೇಡಿ,” ಎಂದರು. ಹುಡುಗ ಹುಡುಗಿ ಸಹಿ ಹಾಕಿದರು. ಬೀಗರ ಸಮಾಧಾನಕ್ಕೆ ಒಂದು ನಕಲು ಪ್ರತಿ ತೆಗೆದು ಅವರ ಕೈಲೂ ಹಾಕಿಸಿದೆವು. ರಾಮಸ್ವಾಮಯ್ಯನವರು ಚಕ್ಕುಬಂದಿ ಬಿಟ್ಟುಹೋಗಿದೆ ಎಂದು ಅಂಚಿನಲ್ಲಿ ಬರೆದೇಬಿಟ್ಟರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಪ್ರಿನಪ್ ಮಾಡಿಸಬೇಕೋ ಬೇಡವೋ ಎಂದು ಕೇಳಿಕೊಂಡು ಬಂದವರಿಗೆ ಮೊದಲೇ ಕಾನೂನು ಹೇಳಬೇಡಿ. ಅವರ ಹೆದರಿಕೆ ಏನೆಂದು ಕೇಳಿ, ಅದನ್ನು ಅವರಿಬ್ಬರೂ ಒಟ್ಟಿಗೆ ಕೂತು ಕೇಳುವ ಹಾಗೆ ಮಾಡಿ. ಅದಾದ ಮೇಲೆ ಕೆಲವರು ಕರಾರು ಬೇಡ ಎನ್ನುತ್ತಾರೆ, ಕೆಲವರು ಮದುವೆಯೇ ಬೇಡ ಎನ್ನುತ್ತಾರೆ, ರಂಜನಿಯಂಥವರು ಎರಡನ್ನೂ ಮಾಡಿಕೊಳ್ಳುತ್ತಾರೆ. ಮೂರೂ ಸರಿಯೇ. ಬೀಗರನ್ನು ಮಾತ್ರ ಹೊರಗೆ ಕೂರಿಸಿ.

ಇದನ್ನು ಬರೆಯುವ ಮೊದಲು ರಂಜನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಹೆಸರುಗಳನ್ನು ಬದಲಿಸುತ್ತೇನೆ ಎಂದೆ. ಬರೀರಿ ಆಂಟಿ ಎಂದಳು. ಮನೆ ಈಗಲೂ ಅದೇ.

“ಪ್ರಕಾಶ ಆ ಕರಾರು ಪಾಲಿಸಿದಾನೇನೇ?” ಎಂದೆ.

“ಪಾಲಿಸ್ತಾನೆ. ಜಗಳ ಆದ್ರೆ ಊಟ ಮಾಡ್ತಾನೆ, ತಟ್ಟೆ ತೊಳೆದಿಡ್ತಾನೆ, ಸೀದಾ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ್ಕೋತಾನೆ.”

“ಆಮೇಲೆ?”

“ಆಮೇಲೆ ಏನು ಆಂಟಿ, ನಾನು ಹೋಗಿ ಬಾಗಿಲು ತೆಗೀತೀನಿ. ನನ್ನ ಮನೆ ಅಲ್ವಾ?”